ಖಾಲಿ ಡಬ್ಬಿ ಕೊಡಬಾರದು

ಮನೆ ಖಾಲಿ ಮಾಡಲು ಬಿಲ್ಡರ್ ಕೊಟ್ಟ ಕಡೆಯ ದಿನಾಂಕ ಮೇ 31. ಸೊಸೈಟಿ ಮೀಟಿಂಗಿಗೆ ಹೋದ ಗಂಡಸರೆಲ್ಲ "ಮಳೆ ಹಿಡಿಯುವ ಮೊದಲೇ ಸಾಮಾನು ಸಾಗಿಸಬಹುದು, ಮಕ್ಕಳಿಗೂ ರಜೆ" ಎಂದು ತಲೆಯಾಡಿಸಿ ಸಹಿ ಹಾಕಿ ಬಂದರು. ಅಡುಗೆಮನೆಯ ಪಂಚಾಂಗ ನೋಡಿದವರು ಅವರಲ್ಲಿ ಒಬ್ಬರೂ ಇರಲಿಲ್ಲ.

ಮುಂಬಯಿಯ ಅಡುಗೆಮನೆ ವರ್ಷದಲ್ಲಿ ಅತಿ ಹೆಚ್ಚು ತುಂಬಿರುವುದು ಮೇ ತಿಂಗಳ ಕೊನೆಗೆ. ಲಾಲ್‌ಬಾಗಿನ ಮಿರ್ಚಿ ಗಲ್ಲಿಗೆ ಹೋಗಿ ಬ್ಯಾಡಗಿ ಮೆಣಸು ತಂದು, ಟೆರೇಸಿನಲ್ಲಿ ಒಣಗಿಸಿ, ಮತ್ತೆ ಅಲ್ಲಿಗೇ ಹೊತ್ತುಕೊಂಡು ಹೋಗಿ ಕುಟ್ಟಿಸಿ ತಂದ ಪುಡಿ. ಊರಿನಿಂದ ಬಂದ ಹುಣಿಸೆಹಣ್ಣು. ಅತ್ತೆ ಹಾಕಿದ ಮಾವಿನಮಿಡಿ ಉಪ್ಪಿನಕಾಯಿ. ಹಲಸಿನ ಹಪ್ಪಳ, ಸಾಬೂದಾನಿ ಸಂಡಿಗೆ. ಹುಳ ಹಿಡಿಯಬಾರದೆಂದು ಹರಳೆಣ್ಣೆ ಸವರಿಟ್ಟ ತೊಗರಿಬೇಳೆ. ಹೀಗೆ ಮುಂದಿನ ದಿನಗಳಿಗೆ ಕೂಡಿಡುವುದನ್ನು ಮರಾಠಿಯವರು ಬೇಗಮಿ ಅನ್ನುತ್ತಾರೆ. ಮನೆ ಬಿಡುವುದೆಂದು ಜನವರಿಯಲ್ಲೇ ಗೊತ್ತಿದ್ದರೂ ಏಪ್ರಿಲ್ ಬಂದ ಕೂಡಲೇ ಎಂದಿನಂತೆ ಇದೆಲ್ಲ ಮಾಡಿಟ್ಟೆವು. ಮಾಡದೆ ಇರುವುದು ಹೇಗೆಂದೇ ತಿಳಿಯಲಿಲ್ಲ.

ನಮ್ಮದು ವಿಕ್ರೋಲಿ ಪೂರ್ವದ ಕನ್ನಂವಾರ್ ನಗರ. 1971ರಲ್ಲಿ ಉಡುಪಿ ಕಡೆಯಿಂದ ಮದುವೆಯಾಗಿ ಬಂದಿಳಿದ ಅತ್ತೆ, ಹೆಸರು ಕೇಳಿ ಇದು ಕನ್ನಡದವರದ್ದೇ ನಗರ ಅಂದುಕೊಂಡಿದ್ದರಂತೆ. ಮಹಾರಾಷ್ಟ್ರದ ಮುಖ್ಯಮಂತ್ರಿಯಾಗಿದ್ದ ಮಾರೋತರಾವ್ ಕನ್ನಂವಾರ್ ಹೆಸರು ಅದು ಎಂದು ತಿಳಿಯುವ ಹೊತ್ತಿಗೆ ಅಕ್ಕಪಕ್ಕದ ಹೆಂಗಸರಿಂದ, ಇಲ್ಲಿನ ಕಾಕೂಗಳಿಂದ, ಮರಾಠಿ ಕಲಿತಾಗಿತ್ತು. ಹೌಸಿಂಗ್ ಬೋರ್ಡ್ ಕಟ್ಟಿದ ನಾಲ್ಕು ಮಹಡಿಯ ಕಟ್ಟಡ, ಲಿಫ್ಟ್ ಇಲ್ಲ, ನಾವು ಮೂರನೆಯದರಲ್ಲಿ. ಈಗ ಅದು ರೀಡೆವಲಪ್‌ಮೆಂಟಿಗೆ ಹೋಗಿದೆ. ಮೂರು ವರ್ಷ ಬಾಡಿಗೆ ಹಣ ಬಿಲ್ಡರ್ ಕೊಡುತ್ತಾನೆ, ಸಾಗಾಟದ ಖರ್ಚೂ ಕೊಡುತ್ತಾನೆ, ಆಮೇಲೆ ಅದೇ ಜಾಗದಲ್ಲಿ ಗೋಪುರದಂಥ ಕಟ್ಟಡದಲ್ಲಿ ಮನೆ. ನಮಗೆ ಬಾಡಿಗೆ ಮನೆ ಸಿಕ್ಕಿದ್ದು ಮುಲುಂಡ್ ಪೂರ್ವದಲ್ಲಿ. ಲೋಕಲ್‌ನಲ್ಲಿ ಕಾಂಜೂರ್‌ಮಾರ್ಗ್, ಭಾಂಡೂಪ್, ನಾಹೂರ್ ದಾಟಿದರೆ ಮುಲುಂಡ್. ದೂರವೇನಲ್ಲ. ಆದರೆ ಅಲ್ಲಿನ ಅಡುಗೆಮನೆಗೆ ಮಾಳಾ ಇಲ್ಲ.

ಮಾಳಾ ಎಂದರೆ ಇಲ್ಲಿ ಅಟ್ಟ. ತಲೆಯ ಮೇಲೆ ಎರಡೂವರೆ ಅಡಿ ಎತ್ತರದ ಗೂಡು. ಮುಂಬಯಿಯ ಒಂದು ಕೋಣೆ ಎಷ್ಟು ನುಂಗಬಲ್ಲದು ಎಂದು ತಿಳಿಯಬೇಕಾದರೆ ಒಮ್ಮೆ ಅದನ್ನು ಖಾಲಿ ಮಾಡಿ ನೋಡಬೇಕು.

ಪ್ಯಾಕರ್ಸ್‌ನ ಹುಡುಗ ಬಂದು ಅಡುಗೆಮನೆಯ ಬಾಗಿಲಲ್ಲೇ ನಿಂತು, ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದು, "ಆಂಟೀ, ಆಠ್ ಬಾಕ್ಸ್, ದೋ ಘಂಟಾ" ಎಂದ. ಅವನು ಮೇಲೆ ನೋಡಿರಲೇ ಇಲ್ಲ. ಕಡೆಗೆ ಲೆಕ್ಕ ಹಾಕಿದಾಗ ಇಪ್ಪತ್ತಮೂರಾಗಿತ್ತು. ಎಂಟಕ್ಕೆ ಒಪ್ಪಿಕೊಂಡ ದರ ಇಪ್ಪತ್ತಮೂರಕ್ಕೆ ಏನಾಯಿತೆಂದು ನಮ್ಮವರನ್ನು ಈಗಲೂ ಕೇಳಬೇಡಿ.

ಗಾಜು, ಪಿಂಗಾಣಿ, ಬೇಳೆಕಾಳು ನಾನೇ ಕಟ್ಟುತ್ತೇನೆಂದು ಹಟ ಹಿಡಿದೆ. ಕಿರಾಣಿ ಅಂಗಡಿಯ ರಟ್ಟಿನ ಡಬ್ಬ ತರಲು ಹೊರಟಾಗ ತಡೆದವಳು ಎದುರು ಮನೆಯ ಗುಜರಾತಿ ಬೇನ್. ಅಂಥ ರಟ್ಟಿನ ಪದರಗಳ ನಡುವೆ ಜಿರಲೆ ಮೊಟ್ಟೆ ಇಟ್ಟಿರುತ್ತದೆ. ಡಬ್ಬ ಕಟ್ಟಿ ಒಯ್ದರೆ ಹೊಸ ಮನೆಯ ಮೊದಲ ಬಾಡಿಗೆದಾರರು ಅವೇ. "ವೈನ್ ಶಾಪಿನಿಂದ ತಾ" ಎಂದಳು. ಬಾಟಲಿ ಒಂದಕ್ಕೊಂದು ತಾಗದ ಹಾಗೆ ಒಳಗೆ ಹನ್ನೆರಡು ಖಾನೆ ಮಾಡಿರುತ್ತಾರೆ, ಗಾಜಿನ ಲೋಟಗಳಿಗೆ ಅಳತೆ ತೆಗೆದು ಮಾಡಿದ ಹಾಗೆ. ಮಾತು ನಿಜ. ಆದರೆ ಮೂವತ್ತು ವರ್ಷ ಆ ಅಂಗಡಿಯ ಮುಂದೆ ತಲೆ ತಗ್ಗಿಸಿ ಹಾದುಹೋದವಳು ನಾನು. ಮಗಳನ್ನು ಕಳಿಸುವ ಹಾಗೂ ಇಲ್ಲ. ಕಡೆಗೆ ನಮ್ಮವರು ಹೋಗಿ ಆರು ಡಬ್ಬ ತಂದು ಬಾಗಿಲ ಹೊರಗೆ ಪೇರಿಸಿದರು. ಮೇಲಿನ ಮನೆಯ ನಿವೃತ್ತ ಮಾಸ್ತರರು ಮೆಟ್ಟಿಲಲ್ಲಿ ಎರಡು ನಿಮಿಷ ನಿಂತು ಓದಿ ಹೋದರು. ದೇವರ ದೀಪದೆಣ್ಣೆಯ ಸೀಸೆಯನ್ನು ರಮ್ಮಿನ ಖಾನೆಯಲ್ಲಿಟ್ಟಾಗ ಅತ್ತೆ, "ಎಂತ ಮಾರಾಯ್ತಿ ಇದು!" ಎಂದು ಅದನ್ನು ಎತ್ತಿ ತಮ್ಮ ಸೀರೆಯ ಟ್ರಂಕಿಗೆ ಹಾಕಿಕೊಂಡರು. ಆ ಎಣ್ಣೆ ಸೀರೆಗಳಿಗೆ ಏನು ಮಾಡಿತೆಂಬುದು ಬೇರೆ ಕಥೆ.

ಮಾಳಾ ಇಳಿಸಲು ಎರಡು ದಿನ ಹಿಡಿಯಿತು. ಭಾರಕ್ಕಿಂತ ಹೆಚ್ಚಾಗಿ ಕೆಲಸ ನಿಧಾನ ಮಾಡಿದ್ದು ಪಾತ್ರೆಗಳ ಮೇಲಿನ ಹೆಸರು. ಸ್ಟೀಲಿನ ಪಾತ್ರೆ ಉಡುಗೊರೆ ಕೊಡುವಾಗ ಅಂಗಡಿಯವನ ಕೈಯಲ್ಲಿ ಕೊಡುವವರ ಹೆಸರು, ತಾರೀಕು ಕೊರೆಸುತ್ತಿದ್ದ ಕಾಲ ಅದು. ಒಂದೊಂದನ್ನೂ ಬೆಳಕಿಗೆ ಹಿಡಿದು ಓದದೆ ಅತ್ತೆ ಕೆಳಗಿಡುತ್ತಿರಲಿಲ್ಲ. ಸತ್ಯನಾರಾಯಣ ಪೂಜೆ, 1984. ನಾಮಕರಣ. ಮಾವನ ಮಿಲ್ಲಿನ ಕ್ಯಾಂಟೀನಿನವರು ಸೇರಿ ಕೊಟ್ಟ ಕೊಳಗ. ನಾನು ಮೂರು ರಾಶಿ ಮಾಡಿದ್ದೆ: ಮುಲುಂಡಿಗೆ, ಡೊಂಬಿವಲಿಯ ನಾದಿನಿಯ ಮನೆಗೆ (ಅವಳಿಗೆ ದೊಡ್ಡ ಮಾಳಾ ಉಂಟು), ಮತ್ತು ಭಾಂಡಿವಾಲಿಗೆ. ಹಳೆ ಬಟ್ಟೆ ತೆಗೆದುಕೊಂಡು ಹೊಸ ಪಾತ್ರೆ ಕೊಡುವ ಹೆಂಗಸು ಅವಳು. ನಮ್ಮ ಕಟ್ಟಡ ಖಾಲಿಯಾಗುವ ಸುದ್ದಿ ತಿಳಿದು ದಿನಾ ಕೆಳಗೆ ಬಂದು ಕೂರುತ್ತಿದ್ದಳು. ಪಾತ್ರೆ ಕೊಟ್ಟು ಬಟ್ಟೆ ಪಡೆಯುವ ಉಲ್ಟಾ ವ್ಯಾಪಾರ ತನ್ನದಲ್ಲ ಎಂದು ಅವಳು ನಕ್ಕ ಮೇಲೆ ಮೂರನೇ ರಾಶಿ ಗುಜರಿಯವನ ಪಾಲಾಯಿತು. ಸಂಜೆ ನೋಡಿದರೆ ಅದರಲ್ಲಿ ಅರ್ಧ ಪಾತ್ರೆಗಳು ಡೊಂಬಿವಲಿಯ ರಾಶಿಗೆ ನಡೆದುಕೊಂಡು ಹೋಗಿದ್ದವು.

ಸಮಸ್ಯೆ ಶುರುವಾದದ್ದು ನಾಲ್ಕನೇ ರಾಶಿಯಿಂದ. ಹದಿನಾಲ್ಕು ಡಬ್ಬಿ, ಎರಡು ಕುಕ್ಕರ್ ಪಾತ್ರೆ, ಒಂದು ಇಡ್ಲಿ ತಟ್ಟೆ, ಇವುಗಳ ಮೇಲೆ ಇದ್ದದ್ದು ನಮ್ಮ ಹೆಸರಲ್ಲ. ಗಣಪತಿ ಹಬ್ಬಕ್ಕೆ ಮೋದಕ ತುಂಬಿ ಬಂದದ್ದು, ನನಗೆ ಜ್ವರ ಬಂದಾಗ ಖಿಚಡಿ ತುಂಬಿ ಬಂದದ್ದು, ಯಾರದೋ ಮಗ ಹತ್ತನೇ ಕ್ಲಾಸು ಪಾಸಾದಾಗ ಪೇಡೆ ತುಂಬಿ ಬಂದದ್ದು. ಹಿಂದಿರುಗಿಸಲೇಬೇಕು. ಆದರೆ ಅತ್ತೆಯ ಕಾನೂನಿನಲ್ಲಿ ಖಾಲಿ ಡಬ್ಬಿ ಕೊಡಬಾರದು. ಕಡೆಪಕ್ಷ ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. ನಾನಿದ್ದದ್ದು ಸಾಮಾನು ಖರ್ಚು ಮಾಡುವ ಹುಮ್ಮಸ್ಸಿನಲ್ಲಿ. ಸಕ್ಕರೆ ಏಕೆ, ಇರುವುದನ್ನೇ ತುಂಬೋಣ ಎಂದು ಡಬ್ಬಿ ಡಬ್ಬಿಗೆ ಹಪ್ಪಳ, ಖಾರದ ಪುಡಿ, ಉಪ್ಪಿನಕಾಯಿ ತುಂಬಿ ಮಗಳ ಕೈಯಲ್ಲಿ ಮಹಡಿ ಮಹಡಿಗೆ ಕಳಿಸಿದೆ. ಹದಿನಾರು ಮನೆ. ಒಂದೇ ಕಲ್ಲಿಗೆ ಎರಡು ಹಣ್ಣು ಎಂದು ಬೀಗಿದ್ದೂ ನಿಜ.

ಆದರೆ ಇಡೀ ಕಟ್ಟಡವೇ ಖಾಲಿಯಾಗುತ್ತಿತ್ತಲ್ಲ! ನಲವತ್ತು ಮನೆಯವರೂ ಅದೇ ವಾರ ತಮ್ಮ ತಮ್ಮ ಮಾಳಾ ಇಳಿಸುತ್ತಿದ್ದರು, ನಲವತ್ತು ಅಡುಗೆಮನೆಗಳಲ್ಲೂ ಮೇ ತಿಂಗಳ ಬೇಗಮಿ ತುಂಬಿತ್ತು, ಎಲ್ಲರ ಹತ್ತಿರವೂ ಬೇರೆಯವರ ಡಬ್ಬಿ ಇದ್ದವು. ಮರುದಿನ ಬೆಳಿಗ್ಗೆಯಿಂದಲೇ ಬಾಗಿಲ ಬೆಲ್. ನಮ್ಮ ಹೆಸರಿನ ಡಬ್ಬಿಗಳು, ಎಂದೋ ಕಳೆದುಹೋದವೆಂದು ಮರೆತಿದ್ದವು, ಒಂದೊಂದಾಗಿ ಮನೆಗೆ ಬಂದವು. ಒಂದರಲ್ಲಿ ಕುರಡಯಿ ಎಂಬ ಗೋಧಿ ಸಂಡಿಗೆ, ಒಂದರಲ್ಲಿ ಮರಾಠಿಯವರ ಗೋಡಾ ಮಸಾಲೆ, ಒಂದರಲ್ಲಿ ಗುಜರಾತಿಯವರ ಸಿಹಿ ಮಾವಿನ ಉಪ್ಪಿನಕಾಯಿ ಛುಂದೋ, ಕೇರಳದವರ ಮನೆಯಿಂದ ಬಾಳೆಕಾಯಿ ಚಿಪ್ಸ್. ನಾನು ಎರಡು ಕಿಲೋ ಇಳಿಸಿದ್ದರೆ ಮೂರು ಕಿಲೋ ಹತ್ತಿತ್ತು. ಎರಡನೇ ಮಹಡಿಯ ಕಾಕೂ ಅಂತೂ ನಾನು ಕಳಿಸಿದ್ದ ಡಬ್ಬಿಯನ್ನೇ ಮತ್ತೆ ತುಂಬಿಸಿ ಕಳಿಸಿದಳು. ತಾನೂ ಖಾಲಿ ಇಡಬಾರದಂತೆ. ನನ್ನ ಇಪ್ಪತ್ತಮೂರು ಪೆಟ್ಟಿಗೆಗಳಲ್ಲಿ ನಾಲ್ಕು ಬರೀ ಈ ಲೇವಾದೇವಿಯದ್ದು.

ಗ್ಯಾಸಿನ ಕಥೆ ಇನ್ನೊಂದು. ನಮ್ಮದು ಪೈಪ್ ಗ್ಯಾಸ್. ಕಟ್ಟಡಕ್ಕೆಲ್ಲ ಒಟ್ಟಿಗೇ ಸರಬರಾಜು ನಿಲ್ಲಿಸಿ ಮೀಟರ್ ಬಿಚ್ಚುವುದು 28ನೇ ತಾರೀಕು ಎಂದು ನೋಟಿಸ್ ಹಚ್ಚಿದರು. ಅಂದರೆ ಕೊನೆಯ ಮೂರು ದಿನ ಒಲೆ ಇಲ್ಲ. ಮಗಳು ಎರಡು ಸಾವಿರ ಚಿಲ್ಲರೆಗೆ ಇಂಡಕ್ಷನ್ ತರಿಸಿದಳು. ಅದರ ಮೇಲೆ ಯಾವ ಪಾತ್ರೆ ಕಾಯುತ್ತದೆಂದು ನೋಡಲು ಸುಲಭದ ಉಪಾಯ ಉಂಟು: ತಳಕ್ಕೆ ಆಯಸ್ಕಾಂತ ಅಂಟಿಕೊಂಡರೆ ಕಾಯುತ್ತದೆ, ಜಾರಿ ಬಿದ್ದರೆ ಇಲ್ಲ. ಫ್ರಿಜ್ ಬಾಗಿಲಿಗೆ ಅಂಟಿಸಿದ್ದ ತಿರುಪತಿಯ ಆಯಸ್ಕಾಂತ ಕಿತ್ತುಕೊಂಡು ಪಾತ್ರೆಯಿಂದ ಪಾತ್ರೆಗೆ ಹೋದೆ. ಅಲ್ಯೂಮಿನಿಯಂ ಕುಕ್ಕರ್ ಫೇಲ್. ಸ್ಟೀಲಿನವುಗಳಲ್ಲೇ ಕೆಲವು ಪಾಸು, ಕೆಲವು ಫೇಲ್. ಕಬ್ಬಿಣದ ದೋಸೆ ಕಾವಲಿ ಫಸ್ಟ್ ಕ್ಲಾಸ್. ಅತ್ತೆಯ ಹಿತ್ತಾಳೆ ತಪ್ಪಲೆ ಪೂರಾ ಫೇಲ್.

ಆ ತಪ್ಪಲೆಯ ವಿಷಯ ಹೇಳಬೇಕು. 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರು ಕರೆಕೊಟ್ಟ ಜವಳಿ ಮಿಲ್ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ನಿಂತರು. ಲೋವರ್ ಪರೇಲಿನ ಮಿಲ್ಲಿನ ಕ್ಯಾಂಟೀನ್ ನೋಡಿಕೊಳ್ಳುತ್ತಿದ್ದ ಮಾವ ಮುಷ್ಕರಗಾರರೇನಲ್ಲ, ಆದರೆ ಉಣ್ಣುವವರೇ ಇಲ್ಲದ ಮೇಲೆ ಕ್ಯಾಂಟೀನ್ ಎಲ್ಲಿಯದು? ಆ ವರ್ಷ ಅತ್ತೆ ತವರಿನಿಂದ ತಂದ ಹಿತ್ತಾಳೆ ಪಾತ್ರೆಗಳನ್ನೆಲ್ಲ ಒಂದೊಂದಾಗಿ ಕುರ್ಲಾದಲ್ಲಿ ತೂಕಕ್ಕೆ ಹಾಕಿ ಬಂದರಂತೆ. ಉಳಿದದ್ದು ಇದೊಂದೇ. ಪ್ರೀತಿಯಿಂದ ಉಳಿಸಿಕೊಂಡದ್ದೆಂದು ನಾನು ಬಹಳ ವರ್ಷ ನಂಬಿದ್ದೆ. ಈ ಸಲ ಬಟ್ಟೆಯಲ್ಲಿ ಸುತ್ತುವಾಗ ಕೇಳಿದರೆ, "ಪ್ರೀತಿಯೂ ಇಲ್ಲ ಎಂತದೂ ಇಲ್ಲ. ತಳಕ್ಕೆ ತೇಪೆ ಉಂಟು ಅಂತ ಅವ ಅರ್ಧ ರೇಟ್ ಹೇಳಿದ. ಸಿಟ್ಟು ಬಂತು, ವಾಪಸ್ ತಂದೆ" ಎಂದರು. ಆಯಸ್ಕಾಂತ ಜಾರಿದ್ದು ನೋಡಿ ಅವರು ಹೇಳಿದ್ದೂ ಇಷ್ಟೇ: "ಅದು ಒಲೆಯ ದೋಷ." ತಪ್ಪಲೆ ಮುಲುಂಡಿನ ರಾಶಿಗೆ ಹೋಯಿತು.

ಕೊನೆಯ ಹತ್ತು ದಿನದ ಊಟವನ್ನು ಮಕ್ಕಳು ಇನ್ನೂ ಆಡಿಕೊಳ್ಳುತ್ತಾರೆ. ತೆರೆದ ಪೊಟ್ಟಣಗಳನ್ನೆಲ್ಲ ಮುಗಿಸಬೇಕೆಂಬ ಛಲ. ಒಂದು ದಿನ ಹುರುಳಿ ಸಾರಿಗೆ ಸಾಬೂದಾನಿ ವಡೆ. ಇನ್ನೊಂದು ದಿನ ರಾಗಿ, ಜೋಳ, ಕಡಲೆಹಿಟ್ಟು ಮೂರೂ ಮಿಂಗಲಾದ ಏನೋ ಒಂದು ದೋಸೆ. ಮೂರು ಬಗೆಯ ಶ್ಯಾವಿಗೆಯ ತಳಪುಡಿ ಸೇರಿಸಿ ಮಾಡಿದ ಪಾಯಸ ಮಾತ್ರ ಚೆನ್ನಾಗಿತ್ತು, ಅದನ್ನು ಮತ್ತೆ ಮಾಡಲು ಬರುವುದಿಲ್ಲ. ಎಣ್ಣೆಯನ್ನು ಮುಗಿಸಲೇಬೇಕು, ಇದು ಅನುಭವದ ಮಾತು. ಎಷ್ಟೇ ಬಿಗಿಯಾಗಿ ಮುಚ್ಚಳ ಹಾಕಿದರೂ ಟೆಂಪೋದಲ್ಲಿ ಎಣ್ಣೆ ಹೊರಗೆ ಬಂದೇ ಬರುತ್ತದೆ.

ಕಟ್ಟುವ ಕೆಲಸದಲ್ಲಿ ನನಗೆ ತಿಳಿದ ನಾಲ್ಕು ಮಾತು ಇಲ್ಲೇ ಹೇಳಿಬಿಡುತ್ತೇನೆ. ಪಿಂಗಾಣಿ ತಟ್ಟೆಗಳನ್ನು ಒಂದರ ಮೇಲೊಂದು ಮಲಗಿಸಬಾರದು, ಪುಸ್ತಕದ ಹಾಗೆ ನಿಲ್ಲಿಸಬೇಕು. ಸುತ್ತಲು ಪೇಪರಿಗಿಂತ ಹಳೆ ಪಂಚೆ, ಕಾಟನ್ ಸೀರೆ ಒಳ್ಳೆಯದು; ಹೇಗೂ ಅವನ್ನೂ ಸಾಗಿಸಬೇಕಲ್ಲ. 'ಕರ್ನಾಟಕ ಮಲ್ಲ' ಪತ್ರಿಕೆಯ ಮಸಿ ಬಿಳಿ ಬಟ್ಟಲಿಗೆ ಹತ್ತಿದ್ದು ಎರಡು ಸಲ ತೊಳೆದ ಮೇಲೆ ಹೋಯಿತು. ಗ್ರೈಂಡರಿನ ಕಲ್ಲುಗಳನ್ನು ಹೊರಗೆ ತೆಗೆದು ಬೇರೆಯೇ ಕಟ್ಟಬೇಕು. ಫ್ರಿಜ್ಜನ್ನು ಹಿಂದಿನ ರಾತ್ರಿಯೇ ಆರಿಸಿ ಬಾಗಿಲು ತೆರೆದಿಟ್ಟರೆ ದಾರಿಯಲ್ಲಿ ನೀರು ಸುರಿಸುವುದಿಲ್ಲ, ನೆಟ್ಟಗೇ ನಿಲ್ಲಿಸಿ ಒಯ್ಯಬೇಕು, ಇಳಿಸಿದ ಕೂಡಲೇ ಸ್ವಿಚ್ ಹಾಕಬಾರದು. ಇವೆಲ್ಲ ನಾನು ಸರಿಯಾಗಿ ಮಾಡಿದೆ.

ತಪ್ಪಿದ್ದು ಎಲ್ಲಿ ಅಂದರೆ ಅಕ್ಷರದಲ್ಲಿ. ಪ್ರತಿ ಪೆಟ್ಟಿಗೆಯ ಮೇಲೂ ದಪ್ಪ ಮಾರ್ಕರಿನಲ್ಲಿ, ಶಾಲೆಯಲ್ಲಿ ಬಹುಮಾನ ಪಡೆದ ನನ್ನ ದುಂಡನೆಯ ಅಕ್ಷರದಲ್ಲಿ, 'ಒಡೆಯುವ ಸಾಮಾನು, ಜೋಪಾನ', 'ಭರಣಿ, ಮೇಲೆ ಭಾರ ಇಡಬೇಡಿ' ಎಂದು ಬರೆದಿದ್ದೆ. ಬಂದ ಐವರು ಹುಡುಗರೂ ಉತ್ತರ ಪ್ರದೇಶದ ಕಡೆಯವರು. ಅವರ ಪಾಲಿಗೆ ಅದು ಚಂದದ ಜಿಲೇಬಿ. ಮೆಟ್ಟಿಲಲ್ಲಿ ಎರಡು ಪೆಟ್ಟಿಗೆ ಇಳಿದ ಮೇಲೆ ಮಗಳಿಗೆ ಹೊಳೆದು ಓಡಿಹೋಗಿ ಹಿಂದಿಯಲ್ಲಿ ಬರೆಯುವಷ್ಟರಲ್ಲಿ, ಮೊದಲ ಸುತ್ತಿನದ್ದೆಲ್ಲ ಟೆಂಪೋದ ತಳ ಸೇರಿ ಅದರ ಮೇಲೆ ಅಕ್ಕಿ ಮೂಟೆ ಕೂತಾಗಿತ್ತು.

ಅದಕ್ಕೂ ಮೊದಲು ಕಡೆಯುವ ಕಲ್ಲು. ಮಿಕ್ಸಿ, ಗ್ರೈಂಡರ್ ಬಂದ ಮೇಲೆ ಅದು ಓಟಾದ, ಅಂದರೆ ಅಡುಗೆ ಕಟ್ಟೆಯ, ಕೆಳಗೆ ಆಲೂಗಡ್ಡೆ ಬುಟ್ಟಿಗೆ ಪೀಠವಾಗಿತ್ತು. ಕೊಂಕಣ ರೈಲು ಇಲ್ಲದ ದಿನಗಳಲ್ಲಿ ಬಸ್ಸಿನ ತಲೆಯ ಮೇಲೆ ಊರಿನಿಂದ ಬಂದದ್ದು. ನಮ್ಮವರು ಬಿಟ್ಟುಹೋಗೋಣ ಎಂದರು. ನಾನೂ ಒಳಗೊಳಗೇ ಅದನ್ನೇ ಹೇಳುತ್ತಿದ್ದೆ. ಅತ್ತೆ ವಾದಕ್ಕೆ ನಿಲ್ಲಲಿಲ್ಲ. ಹುಡುಗರಲ್ಲಿ ದೊಡ್ಡವನನ್ನು ಕರೆದು ಕೈಗೆ ಇನ್ನೂರು ರೂಪಾಯಿ ಕೊಟ್ಟು, ತಮ್ಮದೇ ಹಿಂದಿಯಲ್ಲಿ "ಬೇಟಾ, ಧೀರೇ" ಎಂದರು. ಅವನು ಅದನ್ನು ಗೋಣಿಯಲ್ಲಿ ಕಟ್ಟಿ ಬೆನ್ನ ಮೇಲೆ ಹೇರಿಕೊಂಡು ಮೂರು ಮಹಡಿ ಇಳಿದ. ಮುಲುಂಡಿನಲ್ಲಿ ಲಿಫ್ಟ್ ಇತ್ತು, ಆದರೆ ವಾಚ್‌ಮನ್ ಸಾಮಾನು ಹಾಕಲು ಬಿಡಲಿಲ್ಲ. ಐದನೇ ಮಹಡಿ. ಮತ್ತೆ ಇನ್ನೂರು.

ಅತ್ತೆ ಹೊಸ ಮನೆಯಲ್ಲಿ ಹಾಲು ಉಕ್ಕಿಸುವುದು ಹಿತ್ತಾಳೆ ತಪ್ಪಲೆಯಲ್ಲೇ ಎಂದು ಹೇಳಿಟ್ಟಿದ್ದರು. ಆ ಮನೆಗೆ ಪೈಪ್ ಗ್ಯಾಸ್ ಇರಲಿಲ್ಲ, ಸಿಲಿಂಡರ್. ಸಿಲಿಂಡರ್ ಎರವಲು ಸಿಕ್ಕಿತು, ಒಲೆ ನಮ್ಮದೇ ಇತ್ತು, ಜೋಡಿಸಿದರೆ ಆಯಿತಲ್ಲ ಎಂದು ನಮ್ಮವರು ರೆಗ್ಯುಲೇಟರ್ ಹಿಡಿದೇಬಿಟ್ಟರು. ಪುಣ್ಯಕ್ಕೆ ಟೆಂಪೋ ಡ್ರೈವರ್ ಅಡ್ಡ ಬಂದ. ಪೈಪಿನ ಅನಿಲ ಕಡಿಮೆ ಒತ್ತಡದಲ್ಲಿ ಬರುತ್ತದೆ, ಆದ್ದರಿಂದ ಬರ್ನರಿನ ಕೆಳಗಿನ ಜೆಟ್ಟಿನ ತೂತು ದೊಡ್ಡದು. ಸಿಲಿಂಡರಿನ ಅನಿಲಕ್ಕೆ ಒತ್ತಡವೂ ಹೆಚ್ಚು, ಕಾವೂ ಹೆಚ್ಚು. ಅದೇ ತೂತಿನಿಂದ ಬಿಟ್ಟರೆ ಹಳದಿ ಜ್ವಾಲೆ ಎದ್ದು ಹುಬ್ಬು ಸುಟ್ಟುಕೊಳ್ಳುತ್ತೀರಿ ಎಂದ. ನಾಲ್ಕೂ ಜೆಟ್ ಬದಲಿಸಬೇಕು. ಮೆಕ್ಯಾನಿಕ್ ಬರುವುದು ನಾಳೆ. ಇಂಡಕ್ಷನ್ ಮೇಲೆ ತಪ್ಪಲೆ ಇಟ್ಟರೆ ಅದು ಕುಂಯ್ ಕುಂಯ್ ಅಂದು ಆರಿಹೋಗುತ್ತದೆ. ರಾಹುಕಾಲ ಶುರುವಾಗುವ ಮೊದಲು ಮುಗಿಸಬೇಕು. ಕಡೆಗೆ ಸ್ಟೀಲಿನ ಪಾತ್ರೆಯಲ್ಲಿ ಹಾಲು ಉಕ್ಕಿಸಿ, ಉಕ್ಕಿದ್ದನ್ನು ಅತ್ತೆ ತಪ್ಪಲೆಗೆ ಬಗ್ಗಿಸಿದರು, ದೇವರಿಗೆ ತೋರಿಸಿದರು. ಯಾರೂ ಏನೂ ಹೇಳಲಿಲ್ಲ.

ಪೆಟ್ಟಿಗೆ ಬಿಚ್ಚಲು ಹತ್ತು ದಿನ. ಅಕ್ಕಿ ಮೂಟೆಯ ಕೆಳಗಿದ್ದ ಭರಣಿ ಬಿರುಕು ಬಿಟ್ಟು ಮಿಡಿ ಉಪ್ಪಿನಕಾಯಿಯ ರಸವೆಲ್ಲ ರಟ್ಟಿಗೆ ಇಳಿದಿತ್ತು. ಬೇರೆ ಒಡೆದದ್ದು ಎರಡು ಲೋಟ, ಅವು ವೈನ್ ಶಾಪಿನ ಖಾನೆಯಲ್ಲೇ ಇದ್ದವು ಎಂಬುದನ್ನು ಅತ್ತೆ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಕುಕ್ಕರಿನ ಸೀಟಿ ಐದು ದಿನ ಕಾಣೆ. ಕುಕ್ಕರ್ ಇತ್ತು, ಗ್ಯಾಸ್ಕೆಟ್ ಇತ್ತು, ಸೀಟಿ ಇಲ್ಲ. ಬೇಳೆಯನ್ನು ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ಬೇಯಿಸುತ್ತಾ ಕೂತೆ. ಕಳೆದುಹೋಗಬಾರದೆಂದು ನಾನೇ ಅದನ್ನು ಅತಿ ಜೋಪಾನವಾಗಿ, ಅರಿಸಿನ ಡಬ್ಬಿಯ ಒಳಗೆ ಇಟ್ಟಿದ್ದೆ.

ಕೈಗೆ ಮಾತ್ರ ಇನ್ನೂ ಹಳೆಯ ಮನೆಯೇ. ಉಪ್ಪಿಗೆ ಎಡಕ್ಕೆ ಹೋಗುತ್ತದೆ, ಅಲ್ಲಿ ಗೋಡೆ. ಇಲ್ಲಿನ ಓಟಾ ಎರಡು ಬೆರಳು ಎತ್ತರ, ಚಪಾತಿ ಲಟ್ಟಿಸಿದರೆ ಭುಜ ಹಿಡಿಯುತ್ತದೆ. ಅತ್ತೆ ಕಡೆಯುವ ಕಲ್ಲನ್ನು ಬಾಲ್ಕನಿಯಲ್ಲಿ ಇಡಿಸಿಕೊಂಡು ದಿನಾ ಬೆಳಿಗ್ಗೆ ಅದರ ಮೇಲೆ ಕೂತು ಕಾಫಿ ಕುಡಿಯುತ್ತಾರೆ. ಕೂರಲೆಂದೇ ತಂದದ್ದೋ ಎಂದು ಕೇಳಬೇಕು ಅನ್ನಿಸುತ್ತದೆ, ಕೇಳಿಲ್ಲ.

ಕೊನೆಯ ಪೆಟ್ಟಿಗೆಯ ತಳದಲ್ಲಿ, ಛುಂದೋ ಮತ್ತು ಗೋಡಾ ಮಸಾಲೆಯ ನಡುವೆ, ಒಂದು ಅಗಲ ಬಾಯಿಯ ಸ್ಟೀಲಿನ ಡಬ್ಬಿ ಸಿಕ್ಕಿತು. ತಳದಲ್ಲಿ ಮರಾಠಿ ಅಕ್ಷರದಲ್ಲಿ ಕೆಳಮನೆಯವರ ಹೆಸರು, 1991. ಅಷ್ಟೆಲ್ಲ ಹಿಂದಿರುಗಿಸಿದರೂ ಇದೊಂದು ಹೇಗೋ ಉಳಿದಿದೆ. ಅವರು ಬದ್ಲಾಪುರಕ್ಕೆ ಹೋಗಿದ್ದಾರೆ. ಫೋನ್ ಮಾಡಿದರೆ, "ಇರಲಿ ಬಿಡಿ ತಾಯಿ, ನಿಮ್ಮದೂ ಒಂದು ನಮ್ಮ ಹತ್ತಿರ ಇದೆ" ಎಂದರು. ಅತ್ತೆ ಒಪ್ಪಲಿಲ್ಲ. ಬರುವ ಭಾನುವಾರ ಮಧ್ಯಾಹ್ನದ ಲೋಕಲ್ ಹಿಡಿದು ಹೋಗುವುದು ಎಂದಾಗಿದೆ. ಡಬ್ಬಿ ತೊಳೆದು ಬಿಸಿಲಿಗಿಟ್ಟಿದ್ದೇನೆ; ಚಕ್ಕುಲಿಯೋ ಕೋಡುಬಳೆಯೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ.